ಸೇವಂತಿಗೆಯ ನಿದ್ದೆ ಕೆಡಿಸಿದವನು

ಸಣ್ಣದೊಂದು ಹೂದೋಟ ಮಾಡಿಕೊಂಡು, ಹೂ ಮಾರಿ ಬದುಕುತ್ತಿದ್ದೇನೆ ಎಂದೊಡನೆ ಕೇಳಿದವರೆಲ್ಲ ‘ದಿನವಿಡೀ ಹೂವಿನ ನಡುವೆ ಇರುತ್ತೀರಿ, ಪುಣ್ಯವಂತರು’ ಎನ್ನುತ್ತಾರೆ. ದಿನದ ಬಹುಪಾಲು ನಾನಿರುವುದು ಬಕೆಟ್ಟುಗಳ ನಡುವೆ. ತೊಳೆಯದ ಬಕೆಟ್ಟಿನ ನೀರಿನಲ್ಲಿ ಹುಟ್ಟುವ ಬ್ಯಾಕ್ಟೀರಿಯ ದಂಟಿನ ನಾಳಗಳನ್ನು ಮುಚ್ಚಿಬಿಡುವುದರಿಂದ, ಕತ್ತಿನವರೆಗೂ ನೀರಿನಲ್ಲಿ ನಿಂತ ಹೂವೂ ಬಾಯಾರಿ ಬಾಡುತ್ತದೆ. ಹಾಗಾಗಿ ಹೂಗಾರನಾಗಲು ಹೊರಟ ನಾನು ಮೊದಲು ಪಳಗಿದ್ದು ಪಾತ್ರೆ ತೊಳೆಯುವುದರಲ್ಲಿ. ಈ ನೈಪುಣ್ಯ ಮನೆಯಲ್ಲಿ ಬೇರೆಯವರ ಗಮನಕ್ಕೂ ಬಂದದ್ದು ನನ್ನ ದುರದೃಷ್ಟ.

ನನ್ನ ಅಜ್ಞಾನಕ್ಕೆ ಸಾರ್ವಜನಿಕ ಪ್ರಚಾರ ಸಿಕ್ಕಿದ್ದು ಸೇವಂತಿಗೆಯಿಂದ. ಮದುವೆಯೊಂದಕ್ಕೆ ಮುಂಗಡ ಪಡೆದು, ಸಸಿ ನೆಟ್ಟು, ಪುಸ್ತಕದಲ್ಲಿ ಹೇಳಿದಂತೆ ಕುಡಿ ಚಿವುಟಿ, ಕವಲೊಡೆದ ಗಿಡಗಳನ್ನು ನೋಡಿ ಬೀಗುತ್ತಿದ್ದ ಹೊತ್ತಿನಲ್ಲಿ, ಇಷ್ಟು ಚೆನ್ನಾಗಿ ಬೆಳೆದದ್ದನ್ನು ಯಾರಾದರೂ ಕದ್ದೊಯ್ದರೆ ಎಂಬ ಭಯ ಹುಟ್ಟಿಕೊಂಡಿತು. ಕಳ್ಳನಿಗೆ ಹೆದರಿ ಪಾತಿಯ ತಲೆಗೆ ಕಂಬ ನೆಟ್ಟು, ರಾತ್ರಿಯಿಡೀ ಉರಿಯುವ ದೊಡ್ಡ ದೀಪವೊಂದನ್ನು ಕಟ್ಟಿದೆ. ಕಳ್ಳ ಬರಲಿಲ್ಲ, ಮೊಗ್ಗೂ ಬರಲಿಲ್ಲ. ಗೊಬ್ಬರ ಕೊಟ್ಟೆ, ಗಿಡ ಇನ್ನಷ್ಟು ಎತ್ತರವಾಯಿತು. ನೀರು ಕಡಿಮೆ ಮಾಡಿದೆ, ಎಲೆ ಜೋತುಬಿದ್ದವು. ಕೊನೆಗೆ ನನ್ನ ಹೆಂಡತಿ ಪಾತಿಯ ತುದಿಯಲ್ಲಿ ನಿಂತು, ‘ರೀ, ಆ ಮೂಲೆಯಲ್ಲಿ ಮೊಗ್ಗು ಬಂದಿದೆ, ನೋಡಿ’ ಎಂದಳು. ಹೌದು, ದೀಪದ ಬೆಳಕು ತಲುಪದ ಮೂಲೆಯ ಗಿಡಗಳಲ್ಲಿ ಬಟಾಣಿ ಗಾತ್ರದ ಮೊಗ್ಗುಗಳು ತುಂಬಿದ್ದವು. ಬೆಳಕು ಬಿದ್ದಷ್ಟು ಜಾಗ ಮಾತ್ರ, ಕೈವಾರ ಹಿಡಿದು ಬರೆದ ಅರ್ಧಚಂದ್ರದಂತೆ, ಬರೀ ಹಸಿರು.

ಸೇವಂತಿಗೆ ಮೊಗ್ಗು ಕಟ್ಟುವುದು ದೀರ್ಘವಾದ, ಅಡೆತಡೆಯಿಲ್ಲದ ಕತ್ತಲನ್ನು ಕಂಡ ಮೇಲೆ. ಗಿಡಗಳು ಹಗಲಿರುಳಿನ ಉದ್ದವನ್ನು ಅಳೆಯುತ್ತವೆಂಬ ಸಂಗತಿಯನ್ನು ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಅಮೆರಿಕದ ವಿಜ್ಞಾನಿಗಳು 1920ರಲ್ಲಿಯೇ ಪ್ರಕಟಿಸಿದ್ದರು. ಸುದ್ದಿ ನನ್ನ ತೋಟ ತಲುಪಲು ತಡವಾಯಿತು, ಅಷ್ಟೆ. ದೊಡ್ಡ ಬೆಳೆಗಾರರು ಹೂವನ್ನು ಮುಂದೂಡಬೇಕಾದಾಗ ನಡುರಾತ್ರಿ ಕೆಲವು ಗಂಟೆ ಬೇಕೆಂದೇ ದೀಪ ಉರಿಸುತ್ತಾರಂತೆ. ಅವರು ಲೆಕ್ಕ ಹಾಕಿ ಮಾಡುವುದನ್ನು ನಾನು ಕಳ್ಳನ ಹೆಸರಿನಲ್ಲಿ ಮಾಡಿದ್ದೆ. ದೀಪ ಆರಿಸಿದ ಮೇಲೂ ಗಿಡಕ್ಕೆ ಮೊಗ್ಗು ಕಟ್ಟಿ ಅರಳಲು ಎರಡು ತಿಂಗಳಿಗೂ ಮಿಕ್ಕಿ ಬೇಕಾಯಿತು, ಮದುವೆಗೆ ಉಳಿದಿದ್ದದ್ದು ಮೂರು ವಾರ.

ಮುಂಗಡ ಹಿಂದಿರುಗಿಸಲು ಮನಸ್ಸೊಪ್ಪದೆ, ಗ್ಲಾಡಿಯೋಲಸ್ ಕೊಡುತ್ತೇನೆಂದು ಮದುವೆಯವರನ್ನು ಒಪ್ಪಿಸಿದೆ. ಹಿಂದಿನ ಸಂಜೆಯೇ ಕೊಯ್ದು, ಉದ್ದನೆಯ ದಂಟುಗಳು ಬಾಗಬಾರದೆಂದು ಪೆಟ್ಟಿಗೆಯಲ್ಲಿ ಜೋಪಾನವಾಗಿ ಅಡ್ಡ ಮಲಗಿಸಿದೆ. ಕೊಯ್ದ ಮೇಲೂ ಗ್ಲಾಡಿಯೋಲಸ್ ದಂಟು ಭೂಮಿಯ ಸೆಳೆತಕ್ಕೆ ಬೆನ್ನು ತಿರುಗಿಸಿ ಬೆಳೆಯುತ್ತಲೇ ಇರುತ್ತದೆಂದೂ, ಮಲಗಿಸಿದರೆ ತುದಿ ಎತ್ತಿ ಏಳಲು ನೋಡುತ್ತದೆಂದೂ ತಿಳಿದದ್ದು ಬೆಳಿಗ್ಗೆ ಮುಚ್ಚಳ ತೆರೆದಾಗ. ಪೆಟ್ಟಿಗೆಯ ತುಂಬ ಕೊಡೆಯ ಹಿಡಿಕೆಗಳಿದ್ದವು. ಮಂಟಪ ಸಿಂಗರಿಸುವವರು ಒಂದೆರಡನ್ನು ತಿರುಗಿಸಿ ನೋಡಿ, ‘ಇದು ಹೊಸ ತಳಿಯೇ ಸಾರ್?’ ಎಂದು ಕೇಳಿದರು. ಸುಳ್ಳು ಹೇಳಬಾರದೆಂದು ನಾನು ಕೆಮ್ಮಿದೆ. ಅವರು ಅದನ್ನು ಹೌದೆಂದು ತಿಳಿದು, ಡೊಂಕಾದ ತುದಿಗಳನ್ನೆಲ್ಲ ಒಳಮುಖವಾಗಿ ಜೋಡಿಸಿ ಕಮಾನೊಂದನ್ನು ಕಟ್ಟಿಯೇಬಿಟ್ಟರು. ಅಂಥದ್ದೇ ಬೇಕೆಂದು ಆಮೇಲೆ ಇಬ್ಬರು ಕೇಳಿಕೊಂಡು ಬಂದದ್ದು ಬೇರೆ ಮಾತು.

ಕಾರ್ನೇಷನ್ನಿನ ಕಥೆ ಚಿಕ್ಕದು. ಹೂವಿಡುವ ತಂಪು ಕೋಣೆಯಲ್ಲಿ ಖಾಲಿ ಜಾಗ ಕಂಡು, ಮಾಗಿದ ಸೇಬಿನ ಬುಟ್ಟಿಯೊಂದನ್ನು ಇಟ್ಟದ್ದು ನಾನೇ. ಸೇಬು ಬಿಡುವ ಎಥಿಲೀನ್ ಅನಿಲ ತಗುಲಿ, ಎರಡನೆಯ ದಿನಕ್ಕೆ ಕಾರ್ನೇಷನ್ನುಗಳೆಲ್ಲ ದಳ ಒಳಕ್ಕೆ ಸುರುಳಿಸಿಕೊಂಡು ಮುಖ ಗಂಟಿಕ್ಕಿದವು. ಮಾರಲು ಉಳಿದದ್ದು ಸೇಬು.

ಸೇವಂತಿಗೆ ಕೊನೆಗೂ ಅರಳಿತು, ಯಾರೂ ಕೇಳದ ವಾರದಲ್ಲಿ, ಒಟ್ಟಿಗೆ. ಬಕೆಟ್ಟು ಮುಗಿದು, ಬಿಂದಿಗೆ ಮುಗಿದು, ಸ್ನಾನದ ಚೊಂಬಿನಲ್ಲೂ ಸೇವಂತಿಗೆ ನಿಂತಿತು. ಈ ವರ್ಷ ನಾನು ಎಚ್ಚರದಿಂದಿದ್ದೇನೆ. ದೀಪ ಕಿತ್ತು ಹಾಕಿರುವುದಷ್ಟೇ ಅಲ್ಲ, ಹೇಳಿದ ದಿನಕ್ಕೆ ಹೂ ಬರಲೆಂದು ಪ್ರತಿ ಸಂಜೆ ಐದಕ್ಕೇ ಪಾತಿಗಳ ಮೇಲೆ ಕಪ್ಪು ಬಟ್ಟೆ ಹೊದಿಸಿ, ಸಂದಿಯಿಂದ ಬೆಳಕು ನುಸುಳದಂತೆ ಅಂಚುಗಳನ್ನು ಒತ್ತಿ, ಬೆಳಿಗ್ಗೆ ಎಂಟಕ್ಕೆ ತೆಗೆಯುತ್ತೇನೆ. ನಿನ್ನೆ ನಾನು ಸದ್ದಾಗದಂತೆ ಹಿಂದಕ್ಕೆ ಸರಿದು ಬರುತ್ತಿದ್ದಾಗ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

‘ನಮ್ಮ ಮಕ್ಕಳಿಗೆ ಒಂದು ದಿನವಾದರೂ ಹೀಗೆ ಹೊದಿಸಿ ಮಲಗಿಸಿದ್ದಿರಾ?’ ಎಂದಳು.