ಬೇಕನ್‌ಗೆ ಬಾಣಲೆ ತುಂಬಾ ಎಣ್ಣೆ ಯಾಕೆ?

ಬೇಕನ್, ಅಂದರೆ ಉಪ್ಪು ಹಾಕಿ ಸಂಸ್ಕರಿಸಿದ ಹಂದಿಮಾಂಸದ ತೆಳು ಪಟ್ಟಿಗಳನ್ನು ಕಾದ ಎಣ್ಣೆಯಲ್ಲಿ ಮುಳುಗಿಸಿ ಕರಿಯುವ ರೀಲ್‌ಗಳು ಒಂದರ ಹಿಂದೊಂದು ಬರುತ್ತಿವೆ. ಎರಡು ಮೂರು ನಿಮಿಷ ಅಷ್ಟೇ, ಎತ್ತಿದರೆ ಗರಿಗರಿ, ಮುರಿದರೆ ಟಕ್ ಅಂತ ಸದ್ದು. ನೋಡಿದವರಿಗೆ ನಾವೂ ಮನೆಯಲ್ಲಿ ಮಾಡೋಣ ಅನ್ನಿಸುತ್ತೆ. ಮಾಡಬಹುದು, ಚೆನ್ನಾಗಿಯೇ ಬರುತ್ತೆ. ಆದರೆ ನನ್ನನ್ನು ಕೇಳಿದರೆ, ಬರೀ ಬೇಕನ್‌ಗೋಸ್ಕರ ಮನೆಯಲ್ಲಿ ಒಂದು ಲೀಟರ್ ಎಣ್ಣೆ ಕಾಯಿಸುವುದು ಶುದ್ಧ ದಂಡ. ಮಳೆ ಸುರಿಯುವಾಗ ಗಿಡಕ್ಕೆ ನೀರು ಹಾಕಿದ ಹಾಗೆ.

ಕರಿಯುವುದರಲ್ಲಿ ಇರುವ ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ತವಾ ಮೇಲೆ ಬೇಕನ್ ಸುಮ್ನೆ ಮಲಗಿರುವುದಿಲ್ಲ. ಮಾಂಸದ ಭಾಗ ಬೇಗ ಕುಗ್ಗುತ್ತೆ, ಕೊಬ್ಬಿನ ಭಾಗ ಅಷ್ಟು ಕುಗ್ಗಲ್ಲ, ಹಾಗಾಗಿ ಪಟ್ಟಿ ಸುರುಳಿ ಸುತ್ತಿ ಮೇಲೇಳುತ್ತೆ. ತವಾಕ್ಕೆ ತಾಗಿದ ಕಡೆ ಸೀದು ಹೋಗುತ್ತೆ, ಎದ್ದು ನಿಂತ ಕಡೆ ಕೊಬ್ಬು ಹಸಿಹಸಿಯಾಗಿ ಉಳಿಯುತ್ತೆ. ಎಣ್ಣೆಯೊಳಗೆ ಈ ತಲೆನೋವಿಲ್ಲ. ಪಟ್ಟಿ ಎಷ್ಟೇ ಸೊಟ್ಟಗಾದರೂ ಎಲ್ಲ ಕಡೆಯಿಂದ ಒಂದೇ ಬಿಸಿ. ಮಡಿಕೆ ಮಡಿಕೆಯಾಗಿ, ಒಂದೇ ಬಣ್ಣದಲ್ಲಿ ಎದ್ದು ಬರುತ್ತೆ. ಕರಿದದ್ದು ಎಣ್ಣೆ ಕುಡಿಯುತ್ತೆ ಅನ್ನುವ ದೂರೂ ಇಲ್ಲಿ ಅಷ್ಟಾಗಿ ನಿಲ್ಲಲ್ಲ. ಬೇಕನ್‌ನ ಕೊಬ್ಬು ಕರಗಿ ಹೊರಗೆ ಹೋಗುತ್ತಿರುತ್ತೆ. ಎಣ್ಣೆ ಹೆಚ್ಚಾಗಿ ಒಳಗೆ ಸೇರುವುದು ಹೊರಗೆ ತೆಗೆದ ಮೇಲೆ, ತಣ್ಣಗಾಗುವಾಗ. ಬಿಸಿ ಇರುವಾಗಲೇ ಜಾಲರಿ ಮೇಲೆ ಹರಡಿ ಸೋರಲು ಬಿಟ್ಟರೆ ಆಯಿತು.

ಆದರೆ ಗರಿಗರಿ ಆಗುವುದು ಎಣ್ಣೆ ಜಾಸ್ತಿ ಇದ್ದುದರಿಂದಲ್ಲ, ನೀರು ಹೋದುದರಿಂದ. ರೀಲ್ ಮಾಡುವವರು ಇದನ್ನು ಹೇಳುವುದೇ ಇಲ್ಲ. ಹಂದಿಯ ಹೊಟ್ಟೆ ಭಾಗದಿಂದ ಮಾಡುವ ಪಟ್ಟಿ ಪಟ್ಟಿ ಬೇಕನ್ ಹಸಿಯಾಗಿದ್ದಾಗ ಹೆಚ್ಚುಕಡಿಮೆ ಐದರಲ್ಲಿ ಎರಡು ಪಾಲು ಕೊಬ್ಬು, ಅಷ್ಟೇ ಪ್ರಮಾಣದ ನೀರು. ಉಪ್ಪುನೀರು ಚುಚ್ಚಿ ತಯಾರಿಸಿದ್ದಾದರೆ ನೀರು ಇನ್ನೂ ಜಾಸ್ತಿ. ಆ ನೀರು ಹೋಗಬೇಕು, ಕೊಬ್ಬು ಕರಗಬೇಕು, ಉಳಿದದ್ದು ಕಂದು ಬಣ್ಣಕ್ಕೆ ತಿರುಗಬೇಕು. ಬೇಕನ್ ಕೇಳುವುದು ಇಷ್ಟೇ. ತವಾ, ಓವನ್, ಕಾದ ಎಣ್ಣೆ ಯಾವುದಾದರೂ ಇದನ್ನು ಮಾಡುತ್ತೆ. ಬೇಗ ಮಾಡುವುದು ಎಣ್ಣೆ, ಅಷ್ಟೇ ವ್ಯತ್ಯಾಸ.

ಎಣ್ಣೆಯಲ್ಲಿ ನೀರು ಹೋಗುವುದನ್ನು ನೋಡಲು ಮಾತ್ರ ಮಜಾ ಇದೆ, ಒಪ್ಪುತ್ತೇನೆ. 175ರಿಂದ 180 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಎಣ್ಣೆಗೆ ಪಟ್ಟಿ ಬಿಟ್ಟ ಕೂಡಲೇ ದೊಡ್ಡ ದೊಡ್ಡ ಗುಳ್ಳೆಗಳು, ಜೋರು ಗದ್ದಲ. ಬಾಣಲೆಯಲ್ಲಿ ಬೇಕನ್ ಕಾಣುವುದೇ ಇಲ್ಲ, ಬರೀ ನೊರೆ. ಆಮೇಲೆ ಕೊಬ್ಬಿನ ಬಿಳಿ ಭಾಗ ಗಾಜಿನ ಹಾಗೆ ತಿಳಿಯಾಗುತ್ತೆ, ಹಿಂದೆಯೇ ಅಂಚಿನಲ್ಲಿ ಹೊಂಬಣ್ಣ ಹತ್ತುತ್ತೆ. ಗುಳ್ಳೆ ಸಣ್ಣಗಾಗುತ್ತೆ, ಸದ್ದು ಇಳಿಯುತ್ತೆ. ಇಕ್ಕಳದಲ್ಲಿ ಹಿಡಿದು ಎತ್ತಿದರೆ ತುದಿ ಇನ್ನೂ ಸ್ವಲ್ಪ ಬಾಗಬೇಕು. ಆಗಲೇ ತೆಗೆಯಬೇಕು. ಬಾಣಲೆಯಲ್ಲೇ ಗರಿಗರಿ ಆಗಲಿ ಅಂತ ಕಾದರೆ ತಟ್ಟೆಗೆ ಬರುವಷ್ಟರಲ್ಲಿ ಕಹಿ. ಸಕ್ಕರೆ ಅಥವಾ ಮೇಪಲ್ ಮರದ ಸಿಹಿ ಪಾಕ ಹಾಕಿ ತಯಾರಿಸಿದ ಬೇಕನ್ ಆದರಂತೂ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯಬೇಕು. ಹೊಂಬಣ್ಣಕ್ಕೂ ಕರಿಬಣ್ಣಕ್ಕೂ ನಡುವೆ ಹೆಚ್ಚು ಹೊತ್ತು ಸಿಗುವುದಿಲ್ಲ.

ಇನ್ನು ದಂಡ ಅಂದಿದ್ದು ಯಾಕೆ ಅಂದರೆ, ಉಳಿದ ಎಣ್ಣೆಯನ್ನು ನೋಡಿ. 250 ಗ್ರಾಂ ಬೇಕನ್‌ನಲ್ಲಿ ಸುಮಾರು 100 ಗ್ರಾಂ ಕೊಬ್ಬು. ಅದರಲ್ಲಿ ಬಹುಪಾಲು ಕರಗಿ ನಿಮ್ಮ ಹೊಸ ಎಣ್ಣೆಗೆ ಸೇರಿತು. ಅದರ ಜೊತೆಗೆ ಹೊಗೆಯ ವಾಸನೆ, ಉಪ್ಪು, ಸಕ್ಕರೆ, ಮಾಂಸದ ಚೂರುಗಳು. ಆ ಚೂರುಗಳು ತಳದಲ್ಲಿ ಕೂತು ಸೀಯುತ್ತವೆ, ಎಣ್ಣೆ ಬೇಗ ಕಪ್ಪಾಗುತ್ತೆ. ಆಮೇಲೆ ಅದರಲ್ಲಿ ಏನೇ ಕರಿದರೂ ಬೇಕನ್ ವಾಸನೆ. ಆಲೂಗಡ್ಡೆಗೆ ಅದು ಹಬ್ಬ, ಸರಿ. ಸಿಹಿ ತಿಂಡಿ ಕರಿಯಲು ಆಗುತ್ತಾ?

ಇಲ್ಲಿ ಹಾಳಾಗುವುದು ಒಂದು ಎಣ್ಣೆ ಅಲ್ಲ, ಎರಡು. ಬೇಕನ್‌ನಿಂದ ಇಳಿಯುವ ಕೊಬ್ಬು ಅಡುಗೆಗೆ ಚಿನ್ನದಂಥ ವಸ್ತು. ಸೋಸಿ ಬಾಟಲಿಗೆ ಹಾಕಿ ಫ್ರಿಜ್‌ನಲ್ಲಿಟ್ಟರೆ ಬೆಣ್ಣೆಯಷ್ಟು ಗಟ್ಟಿಯಾಗುತ್ತೆ. ಮೊಟ್ಟೆಗೆ, ಸೊಪ್ಪಿಗೆ, ಹುರಿಯಲು ಒಂದೊಂದು ಚಮಚ ಸಾಕು. ಅದನ್ನು ತೆಗೆದುಕೊಂಡು ಹೋಗಿ ಒಂದು ಲೀಟರ್ ಸೂರ್ಯಕಾಂತಿ ಎಣ್ಣೆಯಲ್ಲಿ ಕಲಸಿಬಿಟ್ಟರೆ ಅದೂ ಇಲ್ಲ, ಇದೂ ಇಲ್ಲ. ಕೊನೆಗೆ ಚೆಲ್ಲುವುದೂ ಒಂದು ಕೆಲಸ. ಸಿಂಕ್‌ಗೆ ಸುರಿದರೆ ಪೈಪಿನಲ್ಲಿ ಹೆಪ್ಪುಗಟ್ಟುತ್ತೆ.

ಹೋಟೆಲ್‌ನವರು ಮಾಡುತ್ತಾರಲ್ಲ ಅಂತ ಕೇಳಬಹುದು. ಅವರ ಲೆಕ್ಕವೇ ಬೇರೆ. ಅವರ ಫ್ರೈಯರ್‌ನಲ್ಲಿ ಎಣ್ಣೆ ತುಂಬಾ ಇರುತ್ತೆ, ತಣ್ಣನೆಯ ಬೇಕನ್ ಬಿದ್ದರೂ ಬಿಸಿ ಅಷ್ಟಾಗಿ ಇಳಿಯಲ್ಲ. ಥರ್ಮೋಸ್ಟಾಟ್ ಇದೆ, ಮೇಲೆ ಹೊಗೆ ಎಳೆಯುವ ಫ್ಯಾನ್ ಇದೆ, ಎಣ್ಣೆ ಸೋಸುವ ವ್ಯವಸ್ಥೆ ಇದೆ. ಮನೆಯ ಬಾಣಲೆಗೆ ಆರು ಪಟ್ಟಿ ಒಟ್ಟಿಗೆ ಬಿಟ್ಟರೆ ಎಣ್ಣೆಯ ಬಿಸಿ ಸರಕ್ಕನೆ ಇಳಿಯುತ್ತೆ. ಮತ್ತೆ ಕಾಯಲಿ ಅಂತ ಉರಿ ಜೋರು ಮಾಡುತ್ತೀರಿ, ಮುಂದಿನ ಸರದಿಗೆ ಬಿಸಿ ಮೇಲಕ್ಕೆ ಹಾರಿರುತ್ತೆ. ಮೊದಲ ಸರದಿ ಮೆತ್ತಗೆ, ಎರಡನೆಯದು ಸೀದದ್ದು. ಎರಡೆರಡೇ ಹಾಕಿ ಕರಿದರೆ ಸರಿಹೋಗುತ್ತೆ, ಆದರೆ ಆಗ ಬೇಗ ಆಗುತ್ತೆ ಅನ್ನುವ ಲಾಭವೂ ಹೋಯಿತಲ್ಲ!

ಹುಷಾರಾಗಿರಬೇಕಾದ ವಿಷಯ ಇನ್ನೊಂದಿದೆ. ನೀರು ಹಬೆಯಾದಾಗ ಸುಮಾರು 1600 ಪಟ್ಟು ಹಿಗ್ಗುತ್ತೆ. ಒದ್ದೆ ಬೇಕನ್ ಕಾದ ಎಣ್ಣೆಗೆ ಬಿದ್ದರೆ ನೊರೆ ಒಂದೇ ಏಟಿಗೆ ಉಕ್ಕಿ ಒಲೆಯ ಮೇಲೆ ಚೆಲ್ಲಬಹುದು. ಕೆಳಗೆ ಉರಿ ಇದ್ದರೆ ಮುಂದಿನದ್ದು ಹೇಳಬೇಕಾಗಿಲ್ಲ. ಹಾಗಾಗಿ ಮಾಡಿಯೇ ತೀರುತ್ತೇನೆ ಅನ್ನುವವರು ಆಳವಾದ ಪಾತ್ರೆ ತಗೊಳ್ಳಿ, ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಎಣ್ಣೆ ಬೇಡ. ಪಟ್ಟಿಗಳನ್ನು ಟಿಶ್ಯೂನಲ್ಲಿ ಒತ್ತಿ ಒರೆಸಿ. ಫ್ರೀಜರ್‌ನಿಂದ ತೆಗೆದದ್ದನ್ನು ನೇರವಾಗಿ ಹಾಕಲೇಬೇಡಿ. ಸರಿಯಾಗಿ ಮುಚ್ಚುವ ಲೋಹದ ಮುಚ್ಚಳ ಕೈಗೆ ಸಿಗುವ ಹಾಗೆ ಇರಲಿ. ಎಣ್ಣೆಗೆ ಬೆಂಕಿ ಹತ್ತಿದರೆ ಮುಚ್ಚಿ, ಒಲೆ ಆರಿಸಿ, ತಣ್ಣಗಾಗುವವರೆಗೆ ತೆಗೆಯಬೇಡಿ. ನೀರು ಮಾತ್ರ ಹಾಕಬೇಡಿ, ಪಾತ್ರೆ ಎತ್ತಿಕೊಂಡು ಓಡಲೂಬೇಡಿ.

ಆರೋಗ್ಯದ ಬಗ್ಗೆ ಉಪದೇಶ ಮಾಡುವ ಆಸೆ ನನಗಿಲ್ಲ. ಬೇಕನ್ ತಿನ್ನುವವರಿಗೆ ತಾವು ತಿನ್ನುತ್ತಿರುವುದು ಸೊಪ್ಪಲ್ಲ ಅಂತ ಗೊತ್ತಿರುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲೇ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ದಿನಾ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಸುಮಾರು 18 ಶೇಕಡಾ ಹೆಚ್ಚುತ್ತೆ ಅನ್ನುವುದು ಅವರ ಅಂದಾಜು. ನಾನು ಹೇಳಬೇಕೆಂದಿದ್ದು ಬೇಯಿಸುವ ಬಿಸಿಯ ಬಗ್ಗೆ. ಬೇಕನ್‌ಗೆ ನೈಟ್ರೈಟ್ ಹಾಕುವುದು ಬಾಟ್ಯುಲಿಸಂ ಅನ್ನುವ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯದಿರಲಿ ಅಂತ, ಜೊತೆಗೆ ಗುಲಾಬಿ ಬಣ್ಣವೂ ಅದರಿಂದಲೇ. ಅದೇ ನೈಟ್ರೈಟ್ ಜಾಸ್ತಿ ಬಿಸಿಯಲ್ಲಿ ಮಾಂಸದ ಪ್ರೋಟೀನ್‌ನ ಅಂಶಗಳ ಜೊತೆ ಸೇರಿ ಕ್ಯಾನ್ಸರ್ ತರಬಲ್ಲ ನೈಟ್ರೋಸಮೀನ್ ಆಗುತ್ತೆ. ಬಿಸಿ ಏರಿದಷ್ಟೂ, ಕಪ್ಪಾದಷ್ಟೂ ಅದು ಹೆಚ್ಚು. ಮೈಕ್ರೋವೇವ್‌ನಲ್ಲಿ ಬೇಯಿಸಿದ್ದರಲ್ಲಿ ಕಡಿಮೆ. ಬಾಣಲೆಯಲ್ಲಿ ಬಿಸಿ ಕೈತಪ್ಪುವುದು ಎಷ್ಟು ಸುಲಭ ಅಂತ ಮೇಲೆಯೇ ಹೇಳಿದೆ.

ಹಾಗಾದರೆ ಗರಿಗರಿ ಬೇಕಾದವರು ಏನು ಮಾಡಬೇಕು? ಓವನ್ ಇದ್ದರೆ ಮುಗಿದೇ ಹೋಯಿತು. ಅಂಚಿರುವ ಟ್ರೇಗೆ ಬೇಕಿಂಗ್ ಪೇಪರ್ ಹಾಸಿ, ಪಟ್ಟಿಗಳನ್ನು ಸಾಲಾಗಿ ಇಟ್ಟು, 200 ಡಿಗ್ರಿಯಲ್ಲಿ 15ರಿಂದ 20 ನಿಮಿಷ. ಒಂದೇ ಸಲಕ್ಕೆ ಇಡೀ ಪ್ಯಾಕೆಟ್ ಆಗುತ್ತೆ, ಸಿಡಿಯುವ ಕಾಟವಿಲ್ಲ, ಕೊಬ್ಬು ಟ್ರೇಯಲ್ಲಿ ತಿಳಿಯಾಗಿ ಉಳಿಯುತ್ತೆ. ಓವನ್ ಇಲ್ಲದಿದ್ದರೆ ತವಾ ತಣ್ಣಗಿರುವಾಗಲೇ ಪಟ್ಟಿ ಇಟ್ಟು, ಸ್ವಲ್ಪ ನೀರು ಹಾಕಿ ಒಲೆ ಹಚ್ಚಿ. ನೀರಿರುವ ತನಕ ಬಿಸಿ ನೂರು ಡಿಗ್ರಿ ದಾಟಲ್ಲ, ಕೊಬ್ಬು ನಿಧಾನಕ್ಕೆ ಕರಗುತ್ತೆ. ನೀರು ಆರಿದ ಮೇಲೆ ಬೇಕನ್ ತನ್ನ ಕೊಬ್ಬಿನಲ್ಲೇ ತಾನು ಹುರಿಯುತ್ತೆ. ಏರ್ ಫ್ರೈಯರ್ ಇರುವವರಿಗೂ ಆಗುತ್ತೆ. ಕೆಳಗಿನ ತಟ್ಟೆಗೆ ಸ್ವಲ್ಪ ನೀರು ಹಾಕಿಡಿ, ಇಲ್ಲದಿದ್ದರೆ ಬಿದ್ದ ಕೊಬ್ಬು ಸುಟ್ಟು ಅಡುಗೆಮನೆ ತುಂಬಾ ಹೊಗೆ.

ಒಂದು ತಿಂಡಿಗೆ ಮಾತ್ರ ನಾನು ವಿನಾಯಿತಿ ಕೊಡುತ್ತೇನೆ. ಅಮೆರಿಕದ ಟೆಕ್ಸಸ್‌ನಲ್ಲಿ ಚಿಕನ್ ಫ್ರೈಡ್ ಬೇಕನ್ ಅಂತ ಒಂದಿದೆ. ಹೆಸರಲ್ಲಿ ಚಿಕನ್ ಇದ್ದರೂ ಒಳಗೆ ಕೋಳಿ ಇಲ್ಲ. ಬೇಕನ್ ಪಟ್ಟಿಯನ್ನು ಕೋಳಿಗೆ ಮಾಡುವ ಹಾಗೆ ಮೊಟ್ಟೆ, ಹಾಲು, ಮೈದಾದಲ್ಲಿ ಅದ್ದಿ ಕರಿಯುತ್ತಾರೆ, ಬಿಳಿ ಗ್ರೇವಿಯಲ್ಲಿ ಅದ್ದಿಕೊಂಡು ತಿನ್ನುತ್ತಾರೆ. ಹಿಟ್ಟಿನ ಕವಚಕ್ಕೆ ಸುತ್ತಲೂ ಒಟ್ಟಿಗೆ ಬಿಸಿ ತಾಗಬೇಕು, ಇಲ್ಲದಿದ್ದರೆ ಅದು ಕಳಚಿ ಬೀಳುತ್ತೆ. ತವಾದಲ್ಲಿ ಅದು ಆಗದ ಕೆಲಸ. ಅದಕ್ಕೆ ಬೇಕಾದರೆ ಎಣ್ಣೆ ಕಾಯಿಸಿ, ನನ್ನ ತಕರಾರಿಲ್ಲ. ಎರಡು ತುಂಡಿಗಿಂತ ಜಾಸ್ತಿ ತಿನ್ನಲು ಆಗುವುದೂ ಇಲ್ಲ.