ಅದು ಬರೀ ‘ಸೀಗಲ್’ ಅಲ್ಲ

ಬೆಳಿಗ್ಗೆ ರಾತ್ರಿ ಪಾಳಿ ಮುಗಿಸಿ ಇಂಗ್ಲೆಂಡಿನ ಸ್ಕಾರ್ಬರೋ ಊರಿನ ಕಡಲ ದಂಡೆಯ ಮೇಲೆ ಮನೆಗೆ ನಡೆದು ಬರುತ್ತಿದ್ದೆ. ಹಳೆಯ ಕಟ್ಟಡವೊಂದರ ಮೇಲಿನ ಅಂಚಿಗೆ ಹಕ್ಕಿಗಳು ಗೂಡು ಕಟ್ಟದಂತೆ ಹೊದಿಸಿದ ಬಲೆಯಲ್ಲಿ ಕಿಟ್ಟಿವೇಕ್ ಎಂಬ ಕಡಲಹಕ್ಕಿಯೊಂದು ತಲೆಕೆಳಗಾಗಿ ನೇತಾಡುತ್ತಿತ್ತು. ಒಂದು ರೆಕ್ಕೆ ಬಲೆಗೆ ಸಿಕ್ಕಿತ್ತು, ಇನ್ನೊಂದನ್ನು ಬಡಿಯುತ್ತಿತ್ತು. ಪಕ್ಕದ ಕಿಟಕಿಯ ಮೇಲೆ ಅದರ ಜೊತೆಗಾರ ಹಕ್ಕಿ ಕುಳಿತು ಕೂಗುತ್ತಲೇ ಇತ್ತು. ನನ್ನ ಪಕ್ಕದಲ್ಲಿ ನಿಂತವರೊಬ್ಬರು, “ಹೋಗಲಿ, ಒಂದು ಸೀಗಲ್ ಕಡಿಮೆಯಾಯಿತು” ಎಂದರು. ಮೈಯೆಲ್ಲ ಉರಿದುಹೋಯಿತು. ಮಲಗಬೇಕಾದ ಹೊತ್ತಿನಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ.

ನಿಮ್ಮ ಚಿಪ್ಸ್ ಕಿತ್ತುಕೊಂಡು ಹೋಗುವುದು ಹೆರಿಂಗ್ ಗಲ್ ಎಂಬ ಬೇರೆ ಕಡಲಹಕ್ಕಿ. ಗುಲಾಬಿ ಕಾಲು, ದಪ್ಪ ಕೊಕ್ಕು, ಗತ್ತಿನ ನಡಿಗೆ. ಕಿಟ್ಟಿವೇಕ್‌ನ ಕಾಲು ಕಪ್ಪು, ಕೊಕ್ಕು ಹಳದಿ, ರೆಕ್ಕೆಯ ತುದಿ ಶಾಯಿಯಲ್ಲಿ ಅದ್ದಿ ತೆಗೆದಂತಿರುತ್ತದೆ. ಅದು ಯಾರ ಕೈಗೂ ಬಾಯಿ ಹಾಕುವುದಿಲ್ಲ. ಕಡಲಿಗೆ ಹೋಗಿ ಮೀನು ಹಿಡಿದು ತಂದು ಮರಿಗೆ ಉಣಿಸುತ್ತದೆ. ಚಳಿಗಾಲವನ್ನೆಲ್ಲ ಅಟ್ಲಾಂಟಿಕ್ ಸಾಗರದ ಮೇಲೆ ಕಳೆದು, ವಸಂತ ಹತ್ತಿರವಾದಾಗ ಸಂತಾನಕ್ಕಾಗಿ ಮಾತ್ರ ದಡಕ್ಕೆ ಬರುತ್ತದೆ. ಮಣ್ಣು, ಹುಲ್ಲು, ಕಡಲಕಳೆ ಮೆತ್ತಿ ಕಟ್ಟಿದ ಗೂಡಿನಲ್ಲಿ ಸಾಮಾನ್ಯವಾಗಿ ಎರಡು ಮೊಟ್ಟೆ. ಆಗಸ್ಟ್ ಮುಗಿಯುವ ಹೊತ್ತಿಗೆ ಮತ್ತೆ ಕಡಲಿನ ಪಾಲು.

ಇದನ್ನು ಹೇಳುವ ನಾನೂ ಇಲ್ಲಿಗೆ ಬಂದ ಮೊದಲ ವರ್ಷ ಎಲ್ಲವನ್ನೂ ಒಂದೇ ಹೆಸರಿನಿಂದ ಬೈದವಳೇ. ಅದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ಏಕೆಂದರೆ ನಾನು ಮಂಡ್ಯದ ಮದ್ದೂರು ಕಡೆಯವಳು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಯ ಮುಂದಿನ ಹುಣಸೆಮರದಲ್ಲೇ ಗೂಡು ಕಟ್ಟುತ್ತವೆ. ಅವು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎನ್ನುತ್ತಾರೆ ಅಲ್ಲಿನವರು. ಅಂಗಳದಲ್ಲಿ ಬಿದ್ದ ಹಿಕ್ಕೆ ಹೊಲಕ್ಕೆ ಗೊಬ್ಬರ. ಬಸುರಿ ಮಗಳು ಬಂದಳೆಂದು ಬಾಗಿಲಿಗೆ ಬಲೆ ಕಟ್ಟುವವರುಂಟೆ?

ಹಿಕ್ಕೆಯ ನಾತ, ಬೆಳಗಿನ ಜಾವದ ಗಲಾಟೆ, ಒರೆಸಿ ಒರೆಸಿ ಸಾಕಾಗುವ ಕಿಟಕಿ, ಮುಖ ಸಿಂಡರಿಸುವ ಗಿರಾಕಿಗಳು ಎಂದು ಕಟ್ಟಡದವರು ಹೇಳುತ್ತಾರೆ. ಸುಳ್ಳೇನಲ್ಲ, ಹಗಲು ಮಲಗುವ ನನಗೂ ಆ ಗಲಾಟೆ ಗೊತ್ತು. ಆದರೆ ತೊಳೆದರೆ ಹೋಗುವ ಕೊಳೆಗೂ ಬಲೆಯಲ್ಲಿ ಒದ್ದಾಡುವ ಜೀವಕ್ಕೂ ಸಮ ಮಾಡಿ ತೂಗಲು ನನ್ನಿಂದಾಗದು. ಬಳಸುತ್ತಿರುವ ಗೂಡನ್ನು ಕೆಡಿಸಬಾರದೆಂದು ಇಲ್ಲಿ 1981ರ ವನ್ಯಜೀವಿ ಕಾಯ್ದೆ ಇರುವುದರಿಂದ, ಗೂಡು ಕಟ್ಟುವ ಮುಂಚೆಯೇ ಬಲೆ ಹೊದಿಸುತ್ತಾರೆ. ಆಮೇಲೆ ತಿರುಗಿಯೂ ನೋಡುವುದಿಲ್ಲ. ಬಿಸಿಲಿಗೆ, ಗಾಳಿಗೆ ಬಲೆ ಸಡಿಲವಾಗುತ್ತದೆ, ಹರಿಯುತ್ತದೆ. ಹರಿದ ಕಂಡಿಯಲ್ಲಿ ಒಳಗೆ ಹೋದ ಹಕ್ಕಿಗೆ ಹೊರಬರುವ ದಾರಿ ಸಿಗುವುದಿಲ್ಲ.

ಈ ಊರಿನವರು ಕಲ್ಲೆದೆಯವರಲ್ಲ, ನನ್ನ ಸಂಕಟ ಹೆಚ್ಚುವುದು ಅದಕ್ಕೇ. 2022ರ ಡಿಸೆಂಬರ್ ಕೊನೆಯಲ್ಲಿ ಥಾರ್ ಎಂಬ ವಾಲ್ರಸ್, ಉದ್ದ ದಂತದ ದೊಡ್ಡ ಕಡಲ ಪ್ರಾಣಿ, ಬಂದು ಇಲ್ಲಿನ ಬಂದರಿನಲ್ಲಿ ಮಲಗಿದಾಗ, ಅದು ಬೆದರೀತೆಂದು ಹೊಸ ವರ್ಷದ ಪಟಾಕಿಯನ್ನೇ ರದ್ದು ಮಾಡಿದರು. ಒಂದೇ ಒಂದು ಅತಿಥಿಗಾಗಿ! ಅಂದು ಈ ಊರು ನನ್ನದು ಅನ್ನಿಸಿತ್ತು. ವರ್ಷವರ್ಷವೂ ತಪ್ಪದೆ ಬರುವ ಕಿಟ್ಟಿವೇಕ್‌ಗೆ ಆ ಪ್ರೀತಿ ಏಕೆ ಸಿಗುವುದಿಲ್ಲ? ಅದು ಬ್ರಿಟನ್ನಿನಲ್ಲಿ ಅಳಿವಿನ ಆತಂಕದ ಕೆಂಪು ಪಟ್ಟಿಯಲ್ಲಿರುವ ಹಕ್ಕಿ. ಅದರ ಮುಖ್ಯ ಆಹಾರವಾದ ಸ್ಯಾಂಡ್ ಈಲ್ ಮೀನು ಉಳಿಯಲೆಂದು ಸರ್ಕಾರ 2024ರಲ್ಲಿ ಉತ್ತರ ಸಮುದ್ರದ ಇಂಗ್ಲೆಂಡ್ ಪಾಲಿನಲ್ಲಿ ಆ ಮೀನು ಹಿಡಿಯುವುದನ್ನೇ ನಿಲ್ಲಿಸಿತು. ಕಡಲಿನಲ್ಲಿ ಊಟ ಕಾದಿರಿಸಿ ದಡದಲ್ಲಿ ಬಲೆ ಬೀಸಿದರೆ ಅದು ಎಲ್ಲಿಗೆ ಹೋಗಬೇಕು?

ಹತ್ತೂವರೆಗೆ ಏಣಿ ತಂದವರು ಬಲೆ ಕತ್ತರಿಸಿ ಹಕ್ಕಿಯನ್ನು ಪೆಟ್ಟಿಗೆಯಲ್ಲಿಟ್ಟು ಕೊಂಡೊಯ್ದರು. ರೆಕ್ಕೆ ಉಳಿಯುವುದೋ ಇಲ್ಲವೋ, ಅವರು ಏನೂ ಹೇಳಲಿಲ್ಲ. ಹರಿದ ಬಲೆಯನ್ನು ಇವತ್ತೇ ತೆಗೆಸಿ ಎಂದು ಕಟ್ಟಡದವರಿಗೆ ಪತ್ರ ಬರೆದು ಬಾಗಿಲಲ್ಲಿ ಕೊಟ್ಟು ಬಂದೆ. ನಾನು ಹೊರಡುವಾಗಲೂ ಇನ್ನೊಂದು ಹಕ್ಕಿ ಅದೇ ಕಿಟಕಿಯ ಮೇಲೆ ಕುಳಿತು ಕೂಗುತ್ತಿತ್ತು.