ಮೊದಲು ಪ್ರಾಣಿ, ಆಮೇಲೆ ಟ್ಯಾಂಕು: ರೀಫ್ ಅಕ್ವೇರಿಯಂ ಖರ್ಚಿನ ಬಗ್ಗೆ ನನ್ನ ಮಾತು

ಜೀವಂತ ಹವಳ ಸಾಕುವ ಉಪ್ಪುನೀರಿನ ರೀಫ್ ಟ್ಯಾಂಕ್ ಅಂದ್ರೆ ದುಡ್ಡಿದ್ದವರ ಹವ್ಯಾಸ ಅನ್ನೋ ಮಾತನ್ನು ನಾನು ಒಪ್ಪುವುದಿಲ್ಲ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ, ಸಾಧಾರಣ ಸಂಬಳದಲ್ಲಿ, ಮಕ್ಕಳ ಫೀಸು ಕಟ್ಟಿಕೊಂಡೇ ಇದನ್ನು ನಡೆಸಬಹುದು. ನಾನು ನಡೆಸುತ್ತಿದ್ದೇನೆ. ಆದರೆ ಖರ್ಚು ಹೇಗೆ ಕಡಿಮೆ ಮಾಡೋದು ಅಂತ ಕೇಳುವವರಲ್ಲಿ ಹೆಚ್ಚಿನವರು ಲೈಟಿನಿಂದ ಶುರು ಮಾಡುತ್ತಾರೆ. ಯಾವ ಲೈಟು ಅಗ್ಗ, ಯಾವ ಸ್ಕಿಮ್ಮರ್ (ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಸಾಧನ) ಅಗ್ಗ, ಶಿವಾಜಿನಗರದಲ್ಲಿ ಕಡಿಮೆಗೆ ಸಿಗುತ್ತಾ, ಚೆನ್ನೈನ ಕೊಳತ್ತೂರಿನಿಂದ ತರಿಸಿದರೆ ಹೇಗೆ? ಟ್ಯಾಂಕಿನಲ್ಲಿ ಯಾವ ಜೀವ ಇರಬೇಕು ಅನ್ನೋದು ಅವರಿಗೆ ಕೊನೆಯ ಪ್ರಶ್ನೆ. ನನಗೆ ಅದೇ ಮೊದಲನೆಯದು. ಯಾಕಂದ್ರೆ ನಿಮ್ಮ ಲೈಟು ಎಷ್ಟು ವ್ಯಾಟ್, ನೀರಿಗೆ ಏನೇನು ಹಾಕಬೇಕು, ಕರೆಂಟ್ ಬಿಲ್ ಎಷ್ಟು ಅನ್ನುವುದನ್ನೆಲ್ಲ ತೀರ್ಮಾನಿಸುವುದು ಆ ಪ್ರಾಣಿಗಳು.

ಗಟ್ಟಿ ಹವಳ, ಅಂದ್ರೆ ಕಲ್ಲಿನಂಥ ಅಸ್ಥಿ ಕಟ್ಟುವ ಜಾತಿ, ದಿನವೂ ನೀರಿನಿಂದ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಎಳೆದುಕೊಳ್ಳುತ್ತದೆ. ಕಡಿಮೆಯಾದದ್ದನ್ನು ನೀವು ದಿನವೂ ತುಂಬಿಸಬೇಕು. ಅದಕ್ಕೆ ಅಳತೆಯಂತೆ ಖನಿಜ ಹಾಕುವ ಡೋಸಿಂಗ್ ಪಂಪು, ಟೆಸ್ಟ್ ಕಿಟ್‌ಗಳು, ಜೋರು ಬೆಳಕು. ಬೆಳಕು ಜಾಸ್ತಿಯಾದರೆ ನೀರು ಬಿಸಿಯಾಗುತ್ತದೆ, ಆಗ ನೀರು ತಣಿಸುವ ಚಿಲ್ಲರ್ ಬೇಕು. ಒಂದರ ಹಿಂದೆ ಒಂದು ಬರುತ್ತಲೇ ಇರುತ್ತದೆ. ಹವ್ಯಾಸಿಗಳು ಮೆತ್ತನೆ ಹವಳ ಅಂತ ಒಟ್ಟಾಗಿ ಕರೆಯುವ ಜೋವಾಂಥಿಡ್, ಮಶ್ರೂಮ್, ಲೆದರ್, ಕ್ಸೀನಿಯಾ ಇವು ಬೇರೆ ಸ್ವಭಾವದವು. ಕಲ್ಲು ಕಟ್ಟುವ ಕೆಲಸ ಇವಕ್ಕಿಲ್ಲ. ವಾರಕ್ಕೊಮ್ಮೆ ಶೇಕಡಾ 10ರಷ್ಟು ನೀರು ಬದಲಿಸಿದರೆ ಅದರಲ್ಲಿ ಬರುವ ಖನಿಜವೇ ಇವಕ್ಕೆ ಸಾಕಾಗುತ್ತದೆ. ಮಧ್ಯಮ ಬೆಳಕಿನಲ್ಲಿ ಚೆನ್ನಾಗಿ ಹರಡಿಕೊಳ್ಳುತ್ತವೆ. ಕ್ಸೀನಿಯಾವನ್ನು ಹತ್ತಿರ ಕೂತು ನೋಡಿ. ಒಂದೊಂದು ಪಾಲಿಪ್‌ಗೂ (ಹವಳದ ಹೂವಿನಂಥ ಪುಟ್ಟ ಜೀವ) ಗರಿಯಂಥ ಎಂಟು ತೋಳುಗಳು. ಅವನ್ನು ಮುಚ್ಚುತ್ತದೆ, ತೆರೆಯುತ್ತದೆ, ಮತ್ತೆ ಮುಚ್ಚುತ್ತದೆ. ಪಂಪು ನಿಲ್ಲಿಸಿದರೂ ಆ ಬಡಿತ ನಿಲ್ಲುವುದಿಲ್ಲ. ಇದು ಕಡಿಮೆ ಬೆಲೆಯ ಹವಳ ಅಂತ ಮೂಗು ಮುರಿಯುವವರನ್ನು ಕಂಡರೆ ನನಗೆ ನಿಜವಾಗಿ ಬೇಸರವಾಗುತ್ತದೆ.

ಇನ್ನೊಂದು ಕಾರಣ ಕಾನೂನು. ನಮ್ಮ ದೇಶದಲ್ಲಿ ಗಟ್ಟಿ ಹವಳ, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಸೀ ಫ್ಯಾನ್ ಎಲ್ಲವೂ 2001ರಿಂದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ (ಷೆಡ್ಯೂಲ್ 1). ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ. ಸಮುದ್ರಕುದುರೆಗೂ ಅದೇ ಕಾಯ್ದೆಯ ರಕ್ಷಣೆ ಇದೆ. ಒಂದನೇ ಅನುಸೂಚಿಯ ಜೀವದೊಂದಿಗೆ ಸಿಕ್ಕಿಬಿದ್ದರೆ ಮೂರರಿಂದ ಏಳು ವರ್ಷ ಜೈಲು. "ಇದು ಇಂಪೋರ್ಟೆಡ್ ಸಾರ್, ಏನೂ ತೊಂದರೆ ಇಲ್ಲ" ಅಂತ ಹೇಳಿ ಮಾರುವವರಿದ್ದಾರೆ. ಹೊರದೇಶದ ಗಟ್ಟಿ ಹವಳಕ್ಕೂ ಸೈಟಿಸ್, ಅಂದ್ರೆ ಅಪಾಯದಲ್ಲಿರುವ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಕಾಗದ ಬೇಕು. ಕಾಗದ ತೋರಿಸಿ ಅಂತ ಕೇಳಿ, ತೋರಿಸದಿದ್ದರೆ ಬಿಟ್ಟು ಬನ್ನಿ. ಸಮುದ್ರದಿಂದ ಕಿತ್ತು ತಂದ ಲೈವ್ ರಾಕ್, ಅಂದ್ರೆ ಜೀವಿಗಳು ಅಂಟಿರುವ ಕಲ್ಲು, ಅದೂ ಹಾಗೇ. ಅದರಲ್ಲಿ ಬಹುಪಾಲು ಹವಳದ ಅಸ್ಥಿಯೇ ಇರುತ್ತದೆ. ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಹೋಗಿ ಮುಳುಗಿದವರಿಗೆ ನಮ್ಮ ಕಡಲಲ್ಲೂ ಹವಳ ಇದೆ ಅಂತ ಗೊತ್ತು. ಅದು ಅಲ್ಲೇ ಇರಲಿ.

ಸರಿ, ಮೆತ್ತನೆ ಹವಳದ 100 ಲೀಟರ್ ಟ್ಯಾಂಕು ಅಂತ ಇಟ್ಟುಕೊಳ್ಳೋಣ. ಇಲ್ಲಿ ಕೈ ಬಿಗಿ ಹಿಡಿಯಬಾರದ ಮೊದಲ ವಸ್ತು ನೀರು.

ನಲ್ಲಿ ನೀರಲ್ಲಿ ಕ್ಲೋರಿನ್, ಬೋರ್‌ವೆಲ್ ನೀರಲ್ಲಿ ನೈಟ್ರೇಟ್, ಸಿಲಿಕೇಟ್, ವಿಪರೀತ ಗಡಸು. ಇದರಲ್ಲಿ ಟ್ಯಾಂಕು ಶುರು ಮಾಡಿದರೆ ಪಾಚಿಯ ಜೊತೆ ಹೋರಾಡುವುದಕ್ಕೇ ದುಡ್ಡು ಹೋಗುತ್ತದೆ. ಹಾಗಂತ ದುಬಾರಿ ಅಕ್ವೇರಿಯಂ ಆರ್‌ಒ ಘಟಕ ಬೇಕಾಗಿಲ್ಲ. ಅಡುಗೆಮನೆಯ ಆರ್‌ಒ ಇದೆಯಲ್ಲ, ಅದರಿಂದಲೇ ಕೆಲಸ ಆಗುತ್ತದೆ. ಆದರೆ ಎರಡು ವಿಷಯ ನೋಡಿಕೊಳ್ಳಿ. ಮನೆಯ ಆರ್‌ಒಗಳಲ್ಲಿ ರುಚಿಗಾಗಿ ಸ್ವಲ್ಪ ಕಚ್ಚಾ ನೀರು ಬೆರೆಸುವ ಟಿಡಿಎಸ್ (ನೀರಲ್ಲಿ ಕರಗಿದ ಲವಣದ ಪ್ರಮಾಣ) ಕಂಟ್ರೋಲರ್ ಅಥವಾ ಮಿನರಲ್ ಕಾರ್ಟ್ರಿಜ್ ಇರುತ್ತದೆ. ಮೆಂಬ್ರೇನ್ ಆದ ತಕ್ಷಣ, ಆ ಕಂಟ್ರೋಲರ್ ಅಥವಾ ಕಾರ್ಟ್ರಿಜ್‌ಗೆ ಮುಂಚೆಯೇ ಒಂದು ಟೀ (ಮೂರು ಬಾಯಿಯ ಪೈಪ್ ಜೋಡಣೆ) ಹಾಕಿಸಿ ಪೈಪ್ ತೆಗೆದುಕೊಳ್ಳಬೇಕು. ಎರಡನೆಯದು ಇನ್ನೂ ಮುಖ್ಯ. ಈಗ ಆರೋಗ್ಯಕ್ಕೆ ಒಳ್ಳೆಯದು ಅಂತ ತಾಮ್ರ ಬೆರೆಸುವ ಪ್ಯೂರಿಫೈಯರ್‌ಗಳು ಬಂದಿವೆ. ತಾಮ್ರ ನಮಗೆ ಸ್ವಲ್ಪ ಆಗಬಹುದು, ಸಿಗಡಿ, ಬಸವನಹುಳು, ಹವಳಕ್ಕೆ ಅದು ವಿಷ. ಆ ಕಾರ್ಟ್ರಿಜ್ ದಾಟಿ ಬಂದ ಒಂದು ಹನಿಯೂ ಟ್ಯಾಂಕಿಗೆ ಹೋಗಬಾರದು.

ಮೆಂಬ್ರೇನ್ ನೀರನ್ನು, ಉಳಿದ ಲವಣವನ್ನೂ ಹಿಡಿದಿಡುವ ಡಿಐ ರೆಸಿನ್ ತುಂಬಿದ ಒಂದು ಸಣ್ಣ ಹೌಸಿಂಗ್ ಮೂಲಕ ಹಾಯಿಸಿದರೆ ಟಿಡಿಎಸ್ ಮೀಟರ್ ಸೊನ್ನೆ ತೋರಿಸುತ್ತದೆ. ಆರ್‌ಒ ಮೊದಲೇ ಹೆಚ್ಚಿನ ಕೆಲಸ ಮುಗಿಸಿರುವುದರಿಂದ ರೆಸಿನ್ ಬಹಳ ಕಾಲ ಬರುತ್ತದೆ. ಹೊರಹೋಗುವ ವೇಸ್ಟ್ ನೀರು ನೆಲ ಒರೆಸಲು, ಬಚ್ಚಲು ತೊಳೆಯಲು.

ಉಪ್ಪಿನಲ್ಲೂ ಉಳಿತಾಯ ಹುಡುಕಬೇಡಿ. ಕಲ್ಲುಪ್ಪು ಹಾಕಿದರೆ ಸಾಕಲ್ವಾ ಅಂತ ಕೇಳುತ್ತಾರೆ. ಅದರಲ್ಲಿ ಇರುವುದು ಹೆಚ್ಚುಕಮ್ಮಿ ಸೋಡಿಯಂ ಕ್ಲೋರೈಡ್ ಮಾತ್ರ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 1,280 ಮಿಲಿಗ್ರಾಂ ಮೆಗ್ನೀಸಿಯಂ, 410ರಷ್ಟು ಕ್ಯಾಲ್ಸಿಯಂ ಇದೆ. ಇವೆಲ್ಲ ಬೆರೆತಿರುವ ರೀಫ್ ಉಪ್ಪು ಬೇಕೇ ಬೇಕು. ಲೆಕ್ಕ ಹಾಕಿ: ವಾರಕ್ಕೆ 10 ಲೀಟರ್ ಬದಲಿಸಿದರೆ 400 ಗ್ರಾಂ ಒಳಗೇ ಮುಗಿಯುತ್ತದೆ, ತಿಂಗಳಿಗೆ ಒಂದೂವರೆ ಕಿಲೋ ಆಸುಪಾಸು. ದೊಡ್ಡ ಬಕೆಟ್ ತಂದು ಮೂರ್ನಾಲ್ಕು ಜನ ಹಂಚಿಕೊಂಡರೆ ಕಿಲೋ ಲೆಕ್ಕದಲ್ಲಿ ಸಣ್ಣ ಪ್ಯಾಕೆಟ್ಟಿಗಿಂತ ಅಗ್ಗವಾಗುತ್ತದೆ. ಹಂಚುವ ಮೊದಲು ಬಕೆಟ್ ಉರುಳಿಸಿ ಚೆನ್ನಾಗಿ ಬೆರೆಸಿ. ತೇವ ತಾಗದ ಹಾಗೆ ಮುಚ್ಚಿಡಿ, ಗಂಟು ಕಟ್ಟಿದ ಉಪ್ಪು ಸರಿಯಾಗಿ ಕರಗುವುದಿಲ್ಲ.

ಉಪ್ಪಿನಂಶ ಅಳೆಯಲು ರಿಫ್ರಾಕ್ಟೋಮೀಟರ್ ಸಾಧಾರಣದ್ದೇ ಸಾಕು, ಆದರೆ ಅದನ್ನು ಹೊಂದಿಸಿಕೊಳ್ಳಬೇಕು. ಬರೀ ಆರ್‌ಒ ನೀರಿನಿಂದ ಸೊನ್ನೆಗೆ ಹೊಂದಿಸಿ ನಂಬಿದರೆ ಮೇಲಿನ ಅಂಕಿ ತಪ್ಪಿರಬಹುದು. ಅದಕ್ಕೊಂದು ಕ್ಯಾಲಿಬ್ರೇಷನ್ ದ್ರವ ಮಾರುತ್ತಾರೆ. ಅದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಗ್ರಾಂ ತೂಕದ ಅಡುಗೆ ಸ್ಕೇಲಿನಲ್ಲಿ 36.5 ಗ್ರಾಂ ಒಣ ಪುಡಿ ಉಪ್ಪು, 963.5 ಗ್ರಾಂ ಶುದ್ಧ ನೀರು. ಅಡುಗೆಯ ಉಪ್ಪೇ ಆಗುತ್ತದೆ. ಈ ನೀರಿನಲ್ಲಿ ಬೆಳಕು ಬಾಗುವ ಪ್ರಮಾಣ 35 ಪಿಪಿಟಿ (ಸಾವಿರ ಭಾಗದಲ್ಲಿ 35 ಭಾಗ ಉಪ್ಪು) ಸಮುದ್ರದ ನೀರಿನಷ್ಟೇ. ಎರಡು ಹನಿ ಗಾಜಿನ ಮೇಲೆ ಹಾಕಿ, ಮುಚ್ಚಳ ಒತ್ತಿ, ಅರ್ಧ ನಿಮಿಷ ಬಿಟ್ಟು ನೋಡಿ. ನೀಲಿ ಗೆರೆ 35ರ ಮೇಲೆ ಕೂರುವವರೆಗೆ ಸ್ಕ್ರೂ ತಿರುಗಿಸಿ. ಈ ನೀರು ಅಳತೆಗೆ ಮಾತ್ರ, ಟ್ಯಾಂಕಿಗೆ ಹಾಕಬೇಡಿ.

ಮಂಗಳೂರು, ಕಾರವಾರದವರು ಕಡಲ ನೀರನ್ನೇ ತರಬಹುದಲ್ಲ ಅಂದ್ರೆ, ತರಬಹುದು. ಆದರೆ ನೇತ್ರಾವತಿ, ಕಾಳಿ ನದಿಗಳು ಸೇರುವ ಅಳಿವೆಯಿಂದ ದೂರ, ಮಳೆಗಾಲಕ್ಕೆ ಮುಂಚೆ. ಜೂನ್ ಆದಮೇಲೆ ದಡದ ನೀರು ತೆಳ್ಳಗಾಗುತ್ತದೆ, ಕೆಸರೂ ಸೇರುತ್ತದೆ. ಬೆಂಗಳೂರಿನವರಿಗೆ ಡೀಸೆಲ್ ಖರ್ಚಿನಲ್ಲಿ ಇದು ಲಾಭವಿಲ್ಲ.

ಈಗ ನಿಜವಾಗಿ ಉಳಿಸಬಹುದಾದ ಜಾಗ: ಚಿಲ್ಲರ್. ಬೆಂಗಳೂರಿನವರು ಅದನ್ನು ಕೊಳ್ಳುವುದಕ್ಕೆ ಮೊದಲು ಒಂದು ಬೇಸಿಗೆ ಫ್ಯಾನ್ ಇಟ್ಟು ನೋಡಿ ಅಂತ ಕೈಮುಗಿದು ಕೇಳುತ್ತೇನೆ. ಒಂದು ಲೀಟರ್ ನೀರು ಆವಿಯಾಗುವಾಗ 100 ಲೀಟರ್ ನೀರನ್ನು ಐದು ಡಿಗ್ರಿಗೂ ಹೆಚ್ಚು ತಣಿಸುವಷ್ಟು ಶಾಖ ತೆಗೆದುಕೊಂಡು ಹೋಗುತ್ತದೆ. ಕೋಣೆಯಿಂದ ಮತ್ತೆ ಬಿಸಿ ಸೇರುತ್ತಲೇ ಇರುತ್ತದೆ, ಆದ್ದರಿಂದ ಪೂರ್ತಿ ಅಷ್ಟು ಇಳಿಯುವುದಿಲ್ಲ. ಆದರೂ ಎರಡು-ಮೂರು ಡಿಗ್ರಿ ಸುಲಭವಾಗಿ ಇಳಿಯುತ್ತದೆ. ನಮ್ಮ ಏಪ್ರಿಲ್ ಗಾಳಿ ಒಣಗಿರುವುದೇ ಇಲ್ಲಿ ನಮ್ಮ ಪುಣ್ಯ. ಟ್ಯಾಂಕಿನ ಮೇಲೆ ಮುಚ್ಚಳ ತೆಗೆದು, ಮೀನು ಹಾರದ ಹಾಗೆ ಬಲೆ ಹಾಕಿ, ಫ್ಯಾನನ್ನು ನೀರಿನ ಮೈಮೇಲೆ ಓರೆಯಾಗಿ ಬೀಸುವಂತೆ ಇಡಬೇಕು. 25 ವ್ಯಾಟ್ ಫ್ಯಾನ್ ದಿನಕ್ಕೆ 12 ತಾಸು ಓಡಿದರೆ ತಿಂಗಳಿಗೆ 9 ಯೂನಿಟ್. 200 ವ್ಯಾಟ್ ಚಿಲ್ಲರ್ 8 ತಾಸು ಓಡಿದರೆ 48 ಯೂನಿಟ್. ಜೊತೆಗೆ ಚಿಲ್ಲರ್ ಆ ಶಾಖವನ್ನು ಅದೇ ಕೋಣೆಗೆ ಬಿಡುತ್ತದೆ. ಮಂಗಳೂರಿನ ತೇವದ ಗಾಳಿಯಲ್ಲಿ ಫ್ಯಾನ್ ಇಷ್ಟು ಕೆಲಸ ಮಾಡುವುದಿಲ್ಲ, ಅಲ್ಲಿಯವರಿಗೆ ಈ ಮಾತು ಹೇಳಲಾರೆ.

ತಾಪವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹವಳದ ಮೈಯೊಳಗಿನ ಸೂಕ್ಷ್ಮ ಪಾಚಿಯೇ ಅದಕ್ಕೆ ಬಣ್ಣವನ್ನೂ ಹೆಚ್ಚಿನ ಊಟವನ್ನೂ ಕೊಡುವುದು. ಬಿಸಿ ಹೆಚ್ಚಾದರೆ ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಲಕ್ಷದ್ವೀಪದಲ್ಲಿ 1998ರಲ್ಲಿ, 2010ರಲ್ಲಿ, 2016ರಲ್ಲಿ, ಮತ್ತೆ 2024ರಲ್ಲಿ ಆದದ್ದು ಇದೇ. ಟ್ಯಾಂಕು 25-26 ಡಿಗ್ರಿಯಲ್ಲಿ ಇರಲಿ, 28 ದಾಟಿದರೆ ಎಚ್ಚರ.

ಫ್ಯಾನ್ ಹಾಕಿದರೆ ನೀರು ಬೇಗ ಇಳಿಯುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ತುಂಬಿಸಬೇಕಾದ್ದು ಶುದ್ಧ ಸಿಹಿನೀರು, ಅದೂ ಪ್ರತಿದಿನ. ಇದಕ್ಕೆ ಸೆನ್ಸರ್ ಇರುವ ಯಂತ್ರ ಬರುತ್ತದೆ, ಅದು ಬೇಕಾಗಿಲ್ಲ. ಮನೆ ಆರ್‌ಒ ಟ್ಯಾಂಕಿನೊಳಗೆ ಇರುವ ಪುಟ್ಟ ಫ್ಲೋಟ್ ವಾಲ್ವ್ ರಿಪೇರಿ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಅದನ್ನು ಅಕ್ವೇರಿಯಂನಲ್ಲಿ ಕೂರಿಸಿ, ಎತ್ತರದಲ್ಲಿ ಒಂದು ಕ್ಯಾನ್ ಇಟ್ಟು ಅದರಿಂದ ವಾಲ್ವಿಗೆ ಪೈಪ್ ಎಳೆದರೆ ಅದೇ ಕೆಲಸ ಆಗುತ್ತದೆ. ಕ್ಯಾನ್ ಐದು ಲೀಟರಿನದ್ದೇ ಇರಲಿ. ವಾಲ್ವ್ ಯಾವತ್ತಾದರೂ ಸಿಕ್ಕಿಹಾಕಿಕೊಂಡು ಪೂರ್ತಿ ಸುರಿದರೂ 35 ಪಿಪಿಟಿ ಇದ್ದದ್ದು 33ರ ಹತ್ತಿರ ಬಂದೀತು, ಜೀವಗಳು ತಡೆದುಕೊಳ್ಳುತ್ತವೆ. ಐವತ್ತು ಲೀಟರಿನ ಡ್ರಮ್ ಇಟ್ಟು ಅದೇ ಆದರೆ ಎಲ್ಲ ಹೋಯಿತು.

ಸ್ಕಿಮ್ಮರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಷ್ಟು ಸಣ್ಣ ಟ್ಯಾಂಕಿಗೆ, ಮೀನು ಕಡಿಮೆ ಇದ್ದು ನೀರು ಬದಲಿಸುವವರಿಗೆ ಬೇಡ.

ಕಲ್ಲು ಒಣಗಿದ್ದೇ ಕೊಳ್ಳಿ. ಮೀನಿನ ಗಲೀಜಿನಿಂದ ಬರುವ ವಿಷವನ್ನು ತೆಗೆಯುವ ಬ್ಯಾಕ್ಟೀರಿಯಾ ಬೆಳೆಸಲು ಮೀನು ಮಾರ್ಕೆಟ್ಟಿನಿಂದ ಒಂದು ಸಿಗಡಿ ತಂದು ತುಂಡು ಮಾಡಿ ಹಾಕಿದರೆ ಅಮೋನಿಯಾ ಏರುತ್ತದೆ, ಆಮೇಲೆ ನೈಟ್ರೈಟ್, ಕೊನೆಗೆ ನೈಟ್ರೇಟ್. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಆ ವಾರಗಳಲ್ಲಿ ಲೈಟ್ ಹಾಕಬೇಡಿ, ಕರೆಂಟೂ ಉಳಿಯಿತು, ಪಾಚಿಯೂ ಬರಲಿಲ್ಲ. ಖಾಲಿ ಟ್ಯಾಂಕು ನೋಡಲಾರದೆ ಎರಡನೇ ವಾರಕ್ಕೇ ಮೀನು ಬಿಡುವವರ ಮನೆಯಲ್ಲಿ ಸಾಯುವುದು ಸಮುದ್ರದಿಂದ ಹಿಡಿದು ತಂದ ಒಂದು ಜೀವ. ಅದನ್ನು ನಾನು ದುಡ್ಡಿನ ನಷ್ಟ ಅಂತ ಮಾತ್ರ ಎಣಿಸಲಾರೆ.

ಮೀನು ಎರಡು ಕ್ಲೌನ್, ಒಂದು ಗೋಬಿ. ಅಷ್ಟೇ. ಕ್ಲೌನ್ ಮೀನನ್ನು ಹ್ಯಾಚರಿಯಲ್ಲಿ ಮರಿ ಮಾಡಿಸುವ ವಿಧಾನವನ್ನು ನಮ್ಮದೇ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ರೂಪಿಸಿದ್ದಾರೆ. ಸಾಕಿದ ಮರಿ ಕೇಳಿ ತೆಗೆದುಕೊಳ್ಳಿ. ಮರಿಯಾಗಿದ್ದಾಗಲೇ ಕಾಳಿನಂಥ ಒಣ ಆಹಾರಕ್ಕೆ ಒಗ್ಗಿರುತ್ತದೆ, ಬದುಕುತ್ತದೆ. ಅದಕ್ಕೆ ಅನಿಮೋನ್ (ಕಡಲಲ್ಲಿ ಅದು ಆಸರೆ ಪಡೆಯುವ ಹೂವಿನಂಥ ಪ್ರಾಣಿ) ಬೇಕೇ ಬೇಕು ಅನ್ನುವುದು ಸುಳ್ಳು.

ಹೊಸ ಮೀನನ್ನು ನೇರವಾಗಿ ಟ್ಯಾಂಕಿಗೆ ಬಿಡಬೇಡಿ. ಬಿಳಿ ಚುಕ್ಕೆ ರೋಗ ಒಳಗೆ ಬಂದರೆ ಔಷಧಿಯ ತಾಮ್ರವನ್ನು ಹವಳದ ಟ್ಯಾಂಕಿಗೆ ಹಾಕುವ ಹಾಗಿಲ್ಲ. ಎರಡು ಪ್ಲಾಸ್ಟಿಕ್ ಟಬ್ಬು, ಎರಡು ಏರ್ ಸ್ಟೋನ್ ಇದ್ದರೆ ಸಾಕು. 72 ತಾಸಿಗೊಮ್ಮೆ ಮೀನನ್ನು ಒಂದರಿಂದ ಹೊಸ ನೀರು ತುಂಬಿದ ಇನ್ನೊಂದಕ್ಕೆ ಬದಲಿಸುತ್ತಾ, ಖಾಲಿಯಾದದ್ದನ್ನು ತೊಳೆದು ಪೂರ್ತಿ ಒಣಗಿಸುತ್ತಾ ನಾಲ್ಕು ಸಲ ಮಾಡಬೇಕು. ಬಿಳಿ ಚುಕ್ಕೆ ತರುವ ಪರಾವಲಂಬಿ ಮೈಬಿಟ್ಟು ತಳಕ್ಕೆ ಬಿದ್ದು ಮರಿ ಹಾಕುವಷ್ಟರಲ್ಲಿ ಮೀನು ಅಲ್ಲಿರುವುದಿಲ್ಲ.

ಸೆಕೆಂಡ್ ಹ್ಯಾಂಡ್ ಬಗ್ಗೆ ನನಗೆ ಹಿಂಜರಿಕೆ ಇಲ್ಲ. ಊರು ಬಿಡುವವರು, ಮನೆ ಬದಲಿಸುವವರು ಒಳ್ಳೆಯ ಎಲ್‌ಇಡಿ, ಪಂಪುಗಳನ್ನು ಅರ್ಧ ಬೆಲೆಗೆ ಕೊಡುತ್ತಾರೆ. ಹೀಟರ್ ಮಾತ್ರ ಹೊಸದೇ ಇರಲಿ. ಹಳೇ ಗಾಜಿನ ಟ್ಯಾಂಕು ತರುವಾಗ ಅದರಲ್ಲಿ ಯಾವತ್ತಾದರೂ ತಾಮ್ರದ ಔಷಧಿ ಬಳಸಿದ್ದರಾ ಅಂತ ಕೇಳಿ. ಕರೆಂಟ್ ಹೋದಾಗ ಮೊದಲು ಕಡಿಮೆಯಾಗುವುದು ಆಮ್ಲಜನಕ. ವೈಫೈ ರೂಟರಿಗೆ ಇಡುವ ಮಿನಿ ಯುಪಿಎಸ್‌ನಿಂದ 12 ವೋಲ್ಟಿನ ಸಣ್ಣ ಡಿಸಿ ಪಂಪು ತಾಸುಗಟ್ಟಲೆ ಓಡುತ್ತದೆ. ವೋಲ್ಟೇಜ್, ಪಿನ್ ಹೊಂದುತ್ತದಾ ನೋಡಿಕೊಂಡು ಕೊಳ್ಳಿ.

ಹವಳಕ್ಕೆ ಅಂತೂ ದುಡ್ಡೇ ಬೇಡ. ಮಶ್ರೂಮ್, ಜೋವಾಂಥಿಡ್ ಹರಡುತ್ತಲೇ ಇರುತ್ತವೆ, ಇದ್ದವರು ಕತ್ತರಿಸಿ ಕೊಡುತ್ತಾರೆ. ಜೋವಾಂಥಿಡ್ ಕತ್ತರಿಸುವಾಗ ಗ್ಲೌಸ್, ಕನ್ನಡಕ ಎರಡೂ ಹಾಕಲೇಬೇಕು. ಆ ಕುಟುಂಬದ ಕೆಲವಲ್ಲಿ ಪ್ಯಾಲಿಟಾಕ್ಸಿನ್ ಅನ್ನುವ ಅಪಾಯದ ವಿಷ ಇದೆ. ಆ ಕಲ್ಲನ್ನು ಬಿಸಿನೀರಲ್ಲಿ ಕುದಿಸಿ ತೊಳೆಯುವುದು ಪ್ರಾಣಕ್ಕೇ ಕುತ್ತು, ಆವಿಯಲ್ಲೂ ವಿಷ ಬರುತ್ತದೆ.

ನನ್ನ ಟ್ಯಾಂಕಿನಲ್ಲಿ ಹಸಿರು ಮಶ್ರೂಮ್ ಮತ್ತು ಕ್ಸೀನಿಯಾ ಈಗ ಜಾಸ್ತಿಯಾಗಿವೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದಿರುವ ಟೆಸ್ಟ್ ಫೋಟೋ ಕಳಿಸಿದವರಿಗೆ ಸುಮ್ನೆ ಕೊಡುತ್ತೇನೆ. ದಕ್ಷಿಣ ಬೆಂಗಳೂರಿನ ಕಡೆಯವರು ಯಾರಾದರೂ ಉಪ್ಪಿನ ಬಕೆಟ್ ಪಾಲು ಮಾಡಿಕೊಳ್ಳುವುದಾದರೆ ಇನ್‌ಬಾಕ್ಸಿಗೆ ಬನ್ನಿ, ಮುಂದಿನ ತಿಂಗಳು ತರಿಸುತ್ತಿದ್ದೇನೆ.